ಡಬ್ಬಿ ಮೇಲೆ ನಂಬರ್ ಇದ್ದರೆ ಸರ್ಕಾರ ಪರೀಕ್ಷೆ ಮಾಡಿದೆ ಅಂತಲಾ?

ಪ್ರಶ್ನೆ: ಮಗನಿಗೆ 17 ವರ್ಷ, ತೂಕ 60 ಕೆ.ಜಿ. ಗರಡಿಗೆ ಹೋಗುತ್ತಾನೆ, ಜಿಲ್ಲಾ ಮಟ್ಟದಲ್ಲಿ ಕುಸ್ತಿ ಗೆದ್ದಿದ್ದಾನೆ. ಜಿಮ್‌ನವರು ಒಂದು ಪ್ರೋಟೀನ್ ಪೌಡರ್ ಡಬ್ಬಿ ಕೊಟ್ಟು ನಾಲ್ಕು ಸಾವಿರ ತಗೊಂಡರು. ಬಿಲ್ ಇಲ್ಲ. ಕೇಳಿದರೆ, "ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲಮ್ಮ, ಸರ್ಕಾರ ಟೆಸ್ಟ್ ಮಾಡಿದ್ದು" ಅಂತಾರೆ. ಕೊಡಬಹುದಾ ಸರ್?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಈ ಡಬ್ಬಿ ಬೇಡ ತಾಯಿ. ಬಿಲ್ ಇಲ್ಲದ್ದು ಅನ್ನೋದೇ ಸಾಕಷ್ಟು ಕಾರಣ.

ಎಫ್‌ಎಸ್‌ಎಸ್‌ಎಐ ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ. ಅದು ಕೊಡುವ ಆ 14 ಅಂಕಿಯ ಸಂಖ್ಯೆ ಪರವಾನಗಿಯದು. ಮಾಲು ತಯಾರಿಸಿದವರು ಯಾರು ಅಂತ ಅದರಿಂದ ಪತ್ತೆ ಮಾಡಬಹುದು, ಅಷ್ಟೇ. ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ಯಾರಾದರೂ ತೆರೆದು ನೋಡಿದ್ದಾರೆ ಅಂತ ಅದರ ಅರ್ಥವಲ್ಲ. ಸಂಖ್ಯೆ 1ರಿಂದ ಶುರುವಾದರೆ ಪರವಾನಗಿ, 2ರಿಂದ ಶುರುವಾದರೆ ಸಣ್ಣ ವ್ಯಾಪಾರಿಯ ನೋಂದಣಿ. ಪ್ರೋಟೀನ್ ಪುಡಿಯಂಥ ಪೌಷ್ಟಿಕ ಪೂರಕ (ಸಪ್ಲಿಮೆಂಟ್) ತಯಾರಿಸುವವರಿಗೆ ಕೇಂದ್ರದ ಪರವಾನಗಿಯೇ ಬೇಕು. ತಯಾರಕರ ಸಂಖ್ಯೆ 2ರಿಂದ ಶುರುವಾಗಿದ್ದರೆ ಆ ಡಬ್ಬಿಯನ್ನು ಮುಟ್ಟಲೇಬೇಡಿ.

ನಿಯಮ ಇಲ್ಲ ಅಂತಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ ಅಡಿ, ಪೂರಕಗಳಿಗೆಂದೇ 2016ರಲ್ಲಿ ಪ್ರತ್ಯೇಕ ನಿಯಮಾವಳಿ ಬಂತು. ಹಾರ್ಮೋನು, ಸ್ಟೀರಾಯ್ಡ್ ಬೆರೆಸುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಬೆರೆಸಿದ್ದಾರಾ ಇಲ್ಲವಾ ಅಂತ ಗೊತ್ತಾಗೋದು ಯಾರಾದರೂ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದಾಗ ಮಾತ್ರ.

ನಾನು ಆಹಾರ ಪ್ರಯೋಗಾಲಯದಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಅಲ್ಲಿ ಏನಾಗುತ್ತೆ ಅಂತ ಸ್ವಲ್ಪ ಹೇಳುತ್ತೇನೆ. ಚಿಟಿಕೆ ಪುಡಿಯನ್ನು ಉದ್ದ ಕುತ್ತಿಗೆಯ ಗಾಜಿನ ಬುರುಡೆಗೆ ಹಾಕಿ, ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸುತ್ತೇವೆ. ಮೊದಲು ಡಾಂಬರಿನಂತೆ ಕಪ್ಪಾಗುತ್ತೆ, ಕುದಿಯುತ್ತಾ ಹೋದಂತೆ ತಿಳಿಯಾಗುತ್ತೆ. ಪ್ರೋಟೀನಿನಲ್ಲಿ ಸಾರಜನಕ ಇರುತ್ತೆ, ಹಾಗಾಗಿ ಆಮೇಲೆ ಅದು ಎಷ್ಟಿದೆ ಅಂತ ಅಳೆದು, ಹಾಲಿನ ಪ್ರೋಟೀನ್ ಆದರೆ 6.38ರಿಂದ ಗುಣಿಸುತ್ತೇವೆ. ಬಂದ ಉತ್ತರವೇ 'ಪ್ರೋಟೀನ್'. ಮೋಸ ನಡೆಯೋದು ಇಲ್ಲೇ. ಗ್ಲೈಸಿನ್ ಅನ್ನೋ ಅಗ್ಗದ ಅಮೈನೋ ಆಮ್ಲದಲ್ಲೂ (ಪ್ರೋಟೀನ್ ಕಟ್ಟಿರುವ ತುಣುಕುಗಳಲ್ಲಿ ಒಂದು) ಸಾರಜನಕ ಜಾಸ್ತಿ ಇರುತ್ತೆ. ಅದನ್ನು ಬೆರೆಸಿದರೆ ಲೆಕ್ಕದಲ್ಲಿ ಪ್ರೋಟೀನ್ ಏರುತ್ತೆ, ಹುಡುಗನ ಮೈಗೆ ಹತ್ತೋದಿಲ್ಲ. ಒಂದೊಂದು ಅಮೈನೋ ಆಮ್ಲವನ್ನೂ ಬೇರೆ ಮಾಡಿ ನೋಡಿದರಷ್ಟೇ ಇದು ಸಿಕ್ಕಿಬೀಳುತ್ತೆ. ಆ ಪರೀಕ್ಷೆ ದುಬಾರಿ. 2024ರಲ್ಲಿ ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ಹೊರಬಂತು. ಸುಮಾರು ಶೇ 70ರಷ್ಟರಲ್ಲಿ ಡಬ್ಬಿ ಮೇಲಿನ ಪ್ರೋಟೀನ್ ಲೆಕ್ಕವೇ ಸರಿಯಿರಲಿಲ್ಲ. ಕೆಲವದರಲ್ಲಿ ಬೂಷ್ಟಿನಿಂದ (ಶಿಲೀಂಧ್ರದಿಂದ) ಬರುವ ವಿಷವೂ ಸಿಕ್ಕಿತು.

ಪ್ರೋಟೀನ್ ಕಮ್ಮಿ ಇದ್ದರೆ ದುಡ್ಡು ಹೋಯಿತು ಅಂದುಕೊಳ್ಳಬಹುದು. ಸ್ಟೀರಾಯ್ಡ್ ಇದ್ದರೆ ಹುಡುಗನ ಭವಿಷ್ಯವೇ ಹೋಗುತ್ತೆ. ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದವರು. ಮರುವರ್ಷ ಅವರ ಮತ್ತು ಜೊತೆಯ ಓಟಗಾರ್ತಿಯರ ಸ್ಯಾಂಪಲ್‌ನಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಿಂದ ಬಂದದ್ದು ಅಂತ ಅವರು ಹೇಳಿದರು. ಒಂದು ವರ್ಷ ನಿಷೇಧ ಬಿತ್ತು. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಕೋಚ್ ಕೊಟ್ಟರೂ ಅಷ್ಟೇ, ಜಿಮ್‌ನವರು ಕೊಟ್ಟರೂ ಅಷ್ಟೇ. ಮೈಯಲ್ಲಿ ಸಿಕ್ಕಿದ್ದಕ್ಕೆ ಹೊಣೆ ಆಟಗಾರನದೇ. ಇದನ್ನು ಮಗನನ್ನು ಕೂರಿಸಿಕೊಂಡು ಹೇಳಿ.

ಅಭ್ಯಾಸ ಜೋರಾಗಿರುವ 60 ಕೆ.ಜಿ. ಹುಡುಗನಿಗೆ ದಿನಕ್ಕೆ 75ರಿಂದ 100 ಗ್ರಾಂ ಪ್ರೋಟೀನ್ ಸಾಕು. ಅರ್ಧ ಲೀಟರ್ ಹಾಲಲ್ಲಿ 16 ಗ್ರಾಂ, ನಾಲ್ಕು ಮೊಟ್ಟೆಯಲ್ಲಿ 24, ಒಂದು ಹಿಡಿ ಶೇಂಗಾದಲ್ಲಿ ಏಳೆಂಟು ಗ್ರಾಂ. ಜೊತೆಗೆ ರೊಟ್ಟಿ, ಬೇಳೆ, ಕಾಳುಪಲ್ಯ, ಮೊಸರು. ಮಾಂಸ ತಿನ್ನುವ ಮನೆಯಾದರೆ ಇನ್ನೂ ಸುಲಭ.

ಇನ್ನೊಂದು ಮಾತು. ಕಾಯ್ದೆಯ 40ನೇ ಕಲಂ ಪ್ರಕಾರ, ಕೊಂಡವರೇ ಶುಲ್ಕ ಕಟ್ಟಿ ಸರ್ಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೆಟ್ಟದ್ದು ಅಂತ ವರದಿ ಬಂದರೆ ಶುಲ್ಕ ವಾಪಸ್. ಆದರೆ ಪರೀಕ್ಷೆ ಮಾಡಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು. ನಿಮ್ಮ ವಿಷಯದಲ್ಲಿ ಆ ಹೊತ್ತು ಮೀರಿದೆ. ಹಾಗಾಗಿ ಡಬ್ಬಿ ಸಮೇತ ಜಿಲ್ಲಾ ಅಂಕಿತಾಧಿಕಾರಿಯ (ಜಿಲ್ಲೆಯಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ) ಕಚೇರಿಗೆ ಹೋಗಿ ಬರಹದಲ್ಲಿ ದೂರು ಕೊಡಿ. ಅವರೇ ಆ ಜಿಮ್‌ನಿಂದ ಸ್ಯಾಂಪಲ್ ತೆಗೆಯಬಹುದು. ಬೇರೆ ತಾಯಂದಿರ ಮಕ್ಕಳೂ ಅಲ್ಲಿಗೇ ಹೋಗ್ತಿದ್ದಾರೆ ಅಲ್ವಾ?

ಪ್ರಶ್ನೆ: ಅಮೆರಿಕದ ಮಾಲು ಅಂದರೆ ನಂಬಬಹುದು ತಾನೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಮೆರಿಕದ 1994ರ ಕಾನೂನಿನ ಪ್ರಕಾರ ಇಂಥ ಪೂರಕಗಳನ್ನು ಮಾರುವ ಮೊದಲು ಸರ್ಕಾರದ ಒಪ್ಪಿಗೆ ಬೇಕಿಲ್ಲ. ತೊಂದರೆ ಆದಮೇಲೆ ಅಲ್ಲಿಯ ಸರ್ಕಾರ ಕೈಹಾಕುತ್ತೆ. ಇಲ್ಲಿ ಮಾರಬೇಕಾದರೆ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಅವರ ಪರವಾನಗಿ ಸಂಖ್ಯೆ ಇರಲೇಬೇಕು. ಆ ಚೀಟಿ ಇಲ್ಲದಿದ್ದರೆ ಕೊಳ್ಳಬೇಡಿ.