ಕಾರ್ಟೂನ್ ಸಿನಿಮಾಗೆ ನಿಜವಾದ ನಟರು ಬಂದರೆ ದುಡ್ಡು ಬರುತ್ತಾ?

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಸಿನಿಮಾ ಪ್ರಶ್ನೆಗಳೇ ಜಾಸ್ತಿ ಬಂದಿವೆ. ಅದರಲ್ಲೂ ಹಳೇ ಕಾರ್ಟೂನ್ ಸಿನಿಮಾಗಳನ್ನು ನಟರನ್ನಿಟ್ಟು, ಗ್ರಾಫಿಕ್ಸ್ ಹಾಕಿ ಮತ್ತೆ ತೆಗೆಯುತ್ತಾರಲ್ಲ, ಆ ಲೈವ್ ಆಕ್ಷನ್ ರೀಮೇಕ್‌ಗಳ ಬಗ್ಗೆ. ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಸಾರ್, ರಜೆಯಲ್ಲಿ ಮಕ್ಕಳನ್ನು ಕರಕೊಂಡು ಇಂಥದ್ದೊಂದು ಸಿನಿಮಾಗೆ ಹೋಗಿದ್ವಿ. ಟಿಕೆಟ್, ಪಾಪ್‌ಕಾರ್ನ್ ಎಲ್ಲ ಸೇರಿ ಸಿಕ್ಕಾಪಟ್ಟೆ ಖರ್ಚಾಯಿತು. ಹೊರಗೆ ಬರುವಾಗ ದೊಡ್ಡ ಮಗಳು "ಅಮ್ಮಾ, ಇದರ ಕಾರ್ಟೂನೇ ಚೆನ್ನಾಗಿತ್ತು" ಅಂದಳು. ಇದ್ದದ್ದನ್ನೇ ಮತ್ತೆ ಯಾಕೆ ತೆಗೆಯುತ್ತಾರೆ? ಅದರಿಂದ ಲಾಭ ಬರುತ್ತಾ?
- ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಬರುತ್ತದೆ ಮೇಡಂ, ಬಂದಾಗ ಸಿಕ್ಕಾಪಟ್ಟೆ ಬರುತ್ತದೆ. ಅದಕ್ಕೇ ಬಿಡದೆ ತೆಗೆಯುತ್ತಿದ್ದಾರೆ. 2010ರಲ್ಲಿ ಡಿಸ್ನಿಯ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಜಗತ್ತಿನಾದ್ಯಂತ 100 ಕೋಟಿ ಡಾಲರ್ ದಾಟಿತು. ಅಲ್ಲಿಂದ ಶುರುವಾಯಿತು ಈ ಓಟ. 2017ರಲ್ಲಿ 'ಬ್ಯೂಟಿ ಅಂಡ್ ದಿ ಬೀಸ್ಟ್' 126 ಕೋಟಿ ಡಾಲರ್ ಮಾಡಿತು. 2019ರಲ್ಲಿ 'ಅಲ್ಲಾದೀನ್' 105 ಕೋಟಿ ಮಾಡಿದರೆ, ಅದೇ ವರ್ಷ ಬಂದ 'ಲಯನ್ ಕಿಂಗ್' ಸುಮಾರು 166 ಕೋಟಿ ಡಾಲರ್ ಬಾಚಿತು. ಹೊಸ ಕಥೆ ಹುಡುಕಿ, ಅದರ ಹೆಸರನ್ನು ಜನರ ಬಾಯಿಗೆ ಹತ್ತಿಸಿ, ಓಡುತ್ತೋ ಇಲ್ಲವೋ ಅಂತ ಉಸಿರು ಬಿಗಿಹಿಡಿದು ಕೂರುವುದಕ್ಕಿಂತ, ಆಗಲೇ ಎಲ್ಲರಿಗೂ ಗೊತ್ತಿರುವ ಕಥೆ ತೆಗೆದರೆ ಅರ್ಧ ಪ್ರಚಾರ ಮುಗಿದ ಹಾಗೆಯೇ ಅಲ್ವಾ?

ಆದರೆ ಈ ಕಲೆಕ್ಷನ್ ಲೆಕ್ಕ ಓದುವಾಗ ಒಂದು ಎಚ್ಚರ ಬೇಕು. ಅಷ್ಟೂ ದುಡ್ಡು ಕಂಪನಿಗೆ ಹೋಗುವುದಿಲ್ಲ. ಹೆಚ್ಚುಕಡಿಮೆ ಅರ್ಧ ಥಿಯೇಟರ್‌ನವರ ಪಾಲು. ಪ್ರಚಾರದ ಖರ್ಚು ಬೇರೆ, ಅದು ಸಿನಿಮಾದ ಬಜೆಟ್ ಲೆಕ್ಕದಲ್ಲಿ ಸೇರುವುದೇ ಇಲ್ಲ. ಹಾಗಾಗಿ 25 ಕೋಟಿ ಡಾಲರ್ ಹಾಕಿದ ಸಿನಿಮಾ 25 ಕೋಟಿ ಮಾಡಿದರೆ ಅದು ದೊಡ್ಡ ನಷ್ಟ. 2025ರ 'ಸ್ನೋ ವೈಟ್'ಗೆ ಆಗಿದ್ದು ಅದಕ್ಕಿಂತ ಕೆಟ್ಟದ್ದು. ಹಾಕಿದ್ದು 25 ಕೋಟಿಗೂ ಜಾಸ್ತಿ, ಗಲ್ಲಾಪೆಟ್ಟಿಗೆಯಲ್ಲಿ ಬಂದದ್ದು ಸುಮಾರು 20 ಕೋಟಿ. ಎರಡೇ ತಿಂಗಳ ನಂತರ ಅದೇ ಕಂಪನಿಯ 'ಲಿಲೋ ಅಂಡ್ ಸ್ಟಿಚ್' ಬಂತು. ಸುಮಾರು 10 ಕೋಟಿ ಡಾಲರ್‌ನಲ್ಲಿ ತೆಗೆದದ್ದು, ಮೊದಲು ಬರೀ ಓಟಿಟಿಗೆ ಅಂತ ಇಟ್ಟುಕೊಂಡಿದ್ದ ಸಿನಿಮಾ. ಅದು 100 ಕೋಟಿ ದಾಟಿಬಿಟ್ಟಿತು.

ಈ ವ್ಯತ್ಯಾಸಕ್ಕೆ ಕಾರಣ ಏನು? ನನ್ನ ಪ್ರಕಾರ ಮೊದಲನೇ ಕಾರಣ ಅಪ್ಪ-ಅಮ್ಮನ ನೆನಪು. 1994ರಲ್ಲಿ ಎಂಟು ವರ್ಷದವರಾಗಿ 'ಲಯನ್ ಕಿಂಗ್' ನೋಡಿದವರಿಗೆ 2019ರ ಹೊತ್ತಿಗೆ ಮಕ್ಕಳಾಗಿದ್ದವು. ಅವರು ಮಕ್ಕಳನ್ನು ಸಿನಿಮಾಗೆ ಕಳಿಸಲಿಲ್ಲ, ತಾವೇ ಕರಕೊಂಡು ಹೋದರು. ಮಗುವಿನ ಒಂದು ಟಿಕೆಟ್ ಜೊತೆ ದೊಡ್ಡವರ ಎರಡು ಟಿಕೆಟ್ ಮಾರಾಟವಾಯಿತು. 'ಡಂಬೋ' 1941ರ ಕಾರ್ಟೂನ್. ಅದನ್ನು ತಮ್ಮ ಬಾಲ್ಯದ ಸಿನಿಮಾ ಅಂದುಕೊಳ್ಳುವ ಅಪ್ಪ-ಅಮ್ಮಂದಿರು ಈಗ ಎಷ್ಟಿದ್ದಾರೆ? 2019ರ ಅದರ ರೀಮೇಕ್ 35 ಕೋಟಿ ಡಾಲರ್‌ಗೇ ನಿಂತಿತು.

ಎರಡನೇ ಕಾರಣ ಖರ್ಚಿನ ಹಿಡಿತ. 'ಸಿಂಡ್ರೆಲ್ಲಾ' ಕಾರ್ಟೂನ್ ಕೂಡ ಹಳೆಯದೇ, 1950ರದ್ದು. ಆದರೆ 2015ರಲ್ಲಿ ಅದರ ರೀಮೇಕ್ ಅನ್ನು 10 ಕೋಟಿ ಡಾಲರ್ ಒಳಗೆ ಮುಗಿಸಿದರು, 54 ಕೋಟಿ ಬಂತು.

ಇನ್ನು ಆಟಿಕೆ, ಬ್ಯಾಗು, ನೀರಿನ ಬಾಟಲಿ, ಟೀ ಶರ್ಟು. ನಮ್ಮ ಊರಿನ ಬ್ಯಾಗ್ ಅಂಗಡಿಗಳಲ್ಲೇ ಆ ನೀಲಿ ಸ್ಟಿಚ್ ನೇತಾಡುತ್ತಿರುತ್ತದೆ, ನೋಡಿರುತ್ತೀರಿ. ಸಿನಿಮಾ ಸಾಧಾರಣವಾಗಿ ಓಡಿದರೂ ಅದರ ಹೆಸರಲ್ಲಿ ವರ್ಷವಿಡೀ ಸಾಮಾನು ಮಾರಬಹುದು. ಹಾಗಾಗಿ ಅವರ ದೃಷ್ಟಿಯಲ್ಲಿ ರೀಮೇಕ್ ಅನ್ನುವುದು ಬರೀ ಸಿನಿಮಾ ವ್ಯಾಪಾರ ಆಗಿ ಉಳಿದಿಲ್ಲ.

ನೋಡುವವರಿಗೆ ಸಾರ್ಥಕವಾ ಅನ್ನುವ ಪ್ರಶ್ನೆಗೆ ಮುಂದಿನ ಪತ್ರದಲ್ಲಿ ಬರುತ್ತೇನೆ. ನಿಮ್ಮ ಮಗಳ ಮಾತಿಗೆ ಅಲ್ಲೇ ಉತ್ತರ ಇದೆ.

ಪ್ರಶ್ನೆ: ನಾನು ಚಿತ್ರಕಲಾ ಶಿಕ್ಷಕ. 2019ರ 'ಲಯನ್ ಕಿಂಗ್' ನೋಡಿದೆ. ಒಂದೊಂದು ಕೂದಲೂ ನಿಜ ಅನ್ನಿಸುವಷ್ಟು ಚೆನ್ನಾಗಿದೆ. ಆದರೂ ಅಪ್ಪ ಸಿಂಹ ಸಾಯುವಾಗ ನನಗೆ ಏನೂ ಅನ್ನಿಸಲಿಲ್ಲ. ಹಳೆಯದರಲ್ಲಿ ಅತ್ತಿದ್ದೆ. ನನ್ನ ವಯಸ್ಸೇ ಕಾರಣವೋ, ಸಿನಿಮಾ ಕಾರಣವೋ?
- ಓದುಗರು, ಚಿತ್ರದುರ್ಗ

ಉತ್ತರ: ವಯಸ್ಸಿನ ಮೇಲೆ ಹಾಕಬೇಡಿ ಮೇಷ್ಟ್ರೇ, ಸಿನಿಮಾವೇ ಕಾರಣ. ನೀವು ಚಿತ್ರ ಬಿಡಿಸುವವರು, ನಿಮಗೆ ಬೇಗ ಅರ್ಥವಾಗುತ್ತದೆ. 1994ರ ಸಿಂಹಗಳಿಗೆ ಹುಬ್ಬು ಇತ್ತು. ನಿಜವಾದ ಸಿಂಹಕ್ಕೆ ಹುಬ್ಬು ಎಲ್ಲಿದೆ? ಕಾಡೆಮ್ಮೆಯಂಥ ಆ ಪ್ರಾಣಿಗಳ ಹಿಂಡು ಕಣಿವೆಗೆ ನುಗ್ಗುವಾಗ ಮರಿ ಸಿಂಬನ ಕಣ್ಣು ಅರಳುತ್ತದೆ, ಹುಬ್ಬು ಮೇಲೇರುತ್ತದೆ, ಬಾಯಿ ನಡುಗುತ್ತದೆ. ಅದೊಂದು ಓಟದ ದೃಶ್ಯಕ್ಕೆ ಅವರು ಎರಡು ವರ್ಷಕ್ಕೂ ಜಾಸ್ತಿ ದುಡಿದಿದ್ದಾರೆ. ಹೊಸದರಲ್ಲಿ ಧೂಳು ನಿಜದ ಹಾಗಿದೆ, ಕೂದಲು ನಿಜದ ಹಾಗಿದೆ, ಮುಖವೂ ನಿಜದ ಹಾಗಿದೆ. ತೊಂದರೆ ಬಂದದ್ದೇ ಅಲ್ಲಿ. ನಿಜವಾದ ಸಿಂಹದ ಮರಿ ಮನುಷ್ಯರ ಹಾಗೆ ಮುಖದಲ್ಲಿ ದುಃಖ ತೋರಿಸುವುದಿಲ್ಲ. ದನಿಯಲ್ಲಿ ಅಳು, ಮುಖದಲ್ಲಿ ಏನೂ ಇಲ್ಲ. ನೋಡುವವರ ಎದೆಗೆ ಅದು ತಾಕುವುದಾದರೂ ಹೇಗೆ?

ಅಂದ ಹಾಗೆ, ಅದನ್ನು ಲೈವ್ ಆಕ್ಷನ್ ಅಂತ ಕರೆಯುವುದೇ ಪೂರ್ತಿ ಸರಿಯಲ್ಲ. ಇಡೀ ಸಿನಿಮಾದಲ್ಲಿ ಕ್ಯಾಮೆರಾ ಇಟ್ಟು ತೆಗೆದದ್ದು ಶುರುವಿನ ಸೂರ್ಯೋದಯದ ಒಂದೇ ಒಂದು ಶಾಟ್ ಅಂತ ನಿರ್ದೇಶಕ ಜಾನ್ ಫಾವ್ರೋ ಅವರೇ ಹೇಳಿದ್ದಾರೆ. ಉಳಿದದ್ದೆಲ್ಲ ಕಂಪ್ಯೂಟರ್. ಅಂದರೆ ಅದೂ ಒಂದು ಅನಿಮೇಷನ್ನೇ, ಹುಬ್ಬು ಏರಿಸುವ ಸ್ವಾತಂತ್ರ್ಯವನ್ನು ತಾನೇ ಬಿಟ್ಟುಕೊಟ್ಟ ಅನಿಮೇಷನ್. ಹಾಡುಗಳಲ್ಲೂ ಹಾಗೇ. ಮರಿ ಸಿಂಬ ರಾಜನಾಗುವ ಕನಸು ಕಾಣುವ ಹಾಡಿನಲ್ಲಿ ಹಳೆಯದಕ್ಕೆ ಬಣ್ಣವೇ ಬದಲಾಗಿ ಬೇರೆ ಲೋಕ ತೆರೆಯುತ್ತದೆ, ಪ್ರಾಣಿಗಳು ಒಂದರ ಮೇಲೊಂದು ಗೋಪುರ ಕಟ್ಟುತ್ತವೆ. ಹೊಸದರಲ್ಲಿ ಅವು ನೀರಿನ ಹತ್ತಿರ ಸುಮ್ನೆ ಓಡಾಡುತ್ತವೆ.

ನಮ್ಮ ಚಿತ್ರದುರ್ಗ, ಬಳ್ಳಾರಿ ಕಡೆಯ ತೊಗಲುಗೊಂಬೆ ಆಟ ನೋಡಿದವರಿಗೆ ಇದನ್ನು ವಿವರಿಸುವುದೇ ಬೇಡ. ರಾವಣನ ಹತ್ತು ತಲೆ ತೊಗಲಿನ ಗೊಂಬೆಯಲ್ಲಿ ಸಲೀಸಾಗಿ ಕೂರುತ್ತದೆ, ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ಅದೇ ರಾವಣ ಬಯಲಾಟಕ್ಕೆ ಬಂದರೆ ವೇಷ, ಕಿರೀಟ, ಕುಣಿತ, ಗಂಟಲು ಎಲ್ಲ ಬೇರೆ. ಬಯಲಾಟದವರು ಗೊಂಬೆಯ ನಡೆಯನ್ನು ನಕಲು ಮಾಡಲು ಹೋಗುವುದಿಲ್ಲ. ಮನುಷ್ಯನ ಮೈಯಿಂದ ಏನಾಗುತ್ತದೋ ಅದನ್ನು ಮಾಡುತ್ತಾರೆ. ರಾಮಾಯಣ ಒಂದೇ, ಆದರೆ ಎರಡನ್ನೂ ನೋಡಬೇಕು ಅನ್ನಿಸುತ್ತದೆ.

ಒಳ್ಳೆಯ ರೀಮೇಕ್ ಕೂಡ ಹಾಗೇ ಇರಬೇಕು ಅಂತ ನನ್ನ ಆಸೆ. ಹಾಗೆ ಬಂದಿರುವುದೂ ಇದೆ. ಇದೇ ಫಾವ್ರೋ 2016ರಲ್ಲಿ 'ಜಂಗಲ್ ಬುಕ್' ತೆಗೆದರು. ಕಾಡಿಗೆ ಹೋಗದೆ ಲಾಸ್ ಏಂಜಲೀಸ್‌ನ ಸ್ಟುಡಿಯೋದೊಳಗೇ ತೆಗೆದದ್ದು. ಕಣ್ಣಿಗೆ ಕಾಣುವವರಲ್ಲಿ ಮೋಗ್ಲಿ ಹುಡುಗನನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಗ್ರಾಫಿಕ್ಸ್, ಅದಕ್ಕೆ ಆಸ್ಕರ್ ಕೂಡ ಬಂತು. ಆ ಒಬ್ಬ ನಿಜವಾದ ಹುಡುಗನ ಬರಿಮೈ ಹುಲಿಯ ಎದುರು ನಿಂತಾಗ ಹೊಟ್ಟೆಯಲ್ಲಿ ಭಯ ಹುಟ್ಟುತ್ತದೆ. 1967ರ ಕಾರ್ಟೂನಿನಲ್ಲಿ ಆ ಭಯ ಇರಲಿಲ್ಲ, ಅದಕ್ಕೆ ಬೇಕಾಗಿಯೂ ಇರಲಿಲ್ಲ. ಕೊನೆಯನ್ನೂ ಬದಲಾಯಿಸಿದರು. ಹಳೆಯದರಲ್ಲಿ ಮೋಗ್ಲಿ ಮನುಷ್ಯರ ಊರಿಗೆ ಹೋಗುತ್ತಾನೆ, ಹೊಸದರಲ್ಲಿ ಕಾಡಿನಲ್ಲೇ ಉಳಿಯುತ್ತಾನೆ. ಮತ್ತೆ ತೆಗೆಯಲು ಅವರಿಗೊಂದು ಕಾರಣ ಇತ್ತು.

ನಕಲಿನ ಇನ್ನೊಂದು ಗುರುತು ಉದ್ದ. ಕಾರ್ಟೂನ್ 'ಲಯನ್ ಕಿಂಗ್' 88 ನಿಮಿಷ, ರೀಮೇಕ್ 118. 'ಬ್ಯೂಟಿ ಅಂಡ್ ದಿ ಬೀಸ್ಟ್' 84 ಇದ್ದದ್ದು 129 ಆಯಿತು. 'ಡಂಬೋ' ಅಂತೂ 64ರಿಂದ 112ಕ್ಕೆ ಹೋಯಿತು. ಅದೇ ಕಥೆಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಜಾಸ್ತಿ ಅಂದರೆ ಮಕ್ಕಳು ಸೀಟಿನಲ್ಲಿ ಮಿಸುಕಾಡದೆ ಇನ್ನೇನು ಮಾಡುತ್ತಾರೆ?

ಪ್ರಶ್ನೆ: ಕಾಪಿರೈಟ್ ಮುಗಿಯುತ್ತೆ ಅಂತ ಹೆದರಿ ರೀಮೇಕ್ ಮಾಡುತ್ತಾರಂತೆ, ಹೌದಾ?
- ಕಾಲೇಜು ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಇಲ್ಲ ತಮ್ಮಾ. ರೀಮೇಕ್ ಮಾಡಿದರೆ ಹಳೇ ಸಿನಿಮಾದ ಕಾಪಿರೈಟ್ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಸಿನಿಮಾಗಳಿಗೆ 95 ವರ್ಷ. 1937ರ 'ಸ್ನೋ ವೈಟ್' 2032ರ ಕೊನೆಗೆ ಮುಗಿಯುತ್ತದೆ, ಅಷ್ಟೇ. ಹೊಸದಾಗಿ ಸೇರಿಸಿದ ಹಾಡು, ವೇಷ, ಪಾತ್ರಗಳಿಗೆ ಮಾತ್ರ ಹೊಸ ಹಕ್ಕು ಸಿಗುತ್ತದೆ. ಇನ್ನು ಸ್ನೋ ವೈಟ್‌ಳ ಮೂಲ ಕಥೆ ಜರ್ಮನಿಯ ಗ್ರಿಮ್ ಸಹೋದರರು ಸಂಗ್ರಹಿಸಿದ್ದು, ಅದನ್ನು ನೀನೂ ಸಿನಿಮಾ ಮಾಡಬಹುದು.

ಪ್ರಶ್ನೆ: ಕಾರ್ಟೂನ್ ಮಾಡಿದ ನಿರ್ದೇಶಕರೇ ರೀಮೇಕ್ ಮಾಡಿದರೆ ಚೆನ್ನಾಗಿ ಬರುತ್ತಲ್ವಾ?
- ನಿವೃತ್ತ ಬ್ಯಾಂಕ್ ನೌಕರರು, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ಬರಬಹುದು. 2025ರ 'ಹೌ ಟು ಟ್ರೇನ್ ಯುವರ್ ಡ್ರ್ಯಾಗನ್' ಹಾಗೇ ಆಯಿತು. 2010ರ ಕಾರ್ಟೂನಿನ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಡೀನ್ ಡಿಬ್ಲಾ ಅವರೇ ಅದನ್ನೂ ತೆಗೆದರು. ಸಂಗೀತವೂ ಹಳೆಯ ಜಾನ್ ಪವೆಲ್ ಅವರದೇ. 15 ಕೋಟಿ ಡಾಲರ್ ಹಾಕಿ 60 ಕೋಟಿಗೂ ಜಾಸ್ತಿ ತೆಗೆದರು. ಹಾರಾಟದ ದೃಶ್ಯಗಳು ದೊಡ್ಡ ಪರದೆಯಲ್ಲಿ ಮೈ ನವಿರೇಳಿಸುತ್ತವೆ. ಆದರೆ ಎಷ್ಟೋ ಕಡೆ ಹಳೆಯ ಶಾಟನ್ನೇ ಪಕ್ಕದಲ್ಲಿಟ್ಟುಕೊಂಡು ತೆಗೆದ ಹಾಗಿದೆ. ಅಷ್ಟು ಪ್ರತಿಭೆ ಇರುವವರು ಇನ್ನೂ ಧೈರ್ಯ ಮಾಡಬೇಕಿತ್ತು ಅಂತ ನನಗೆ ಬೇಜಾರು.

ನೀವು ದುರ್ಗದವರು, ಒಂದು ಉದಾಹರಣೆ ನಿಮ್ಮ ಊರಿನದೇ ಕೊಡುತ್ತೇನೆ. ಅದು ಕಾರ್ಟೂನ್ ಅಲ್ಲ, ಆದರೆ ಪ್ರಶ್ನೆ ಇದೇ. ತ.ರಾ.ಸು. ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ತೆಗೆದರು. ಆ ಕೋಟೆ, ಆ ಬಂಡೆ, ಜಯಂತಿಯವರ ಒನಕೆ ಓಬವ್ವ ಯಾರಿಗೆ ಗೊತ್ತಿಲ್ಲ? ಎರಡು ವರ್ಷದ ನಂತರ ಪುಟ್ಟಣ್ಣನವರೇ ರಿಷಿ ಕಪೂರ್ ಅವರನ್ನು ಹಾಕಿಕೊಂಡು ಹಿಂದಿಯಲ್ಲಿ 'ಝಹ್ರೀಲಾ ಇನ್ಸಾನ್' ಮಾಡಿದರು. ಕಥೆ ಅದೇ, ನಿರ್ದೇಶಕರೂ ಅವರೇ. ಓಡಲಿಲ್ಲ. ರಾಮಾಚಾರಿಯ ಹಠ, ಚಾಮಯ್ಯ ಮೇಷ್ಟ್ರ ಮೇಲಿನ ಅವನ ಪ್ರೀತಿ, ಈ ಊರಿನ ಬಿಸಿಲು, ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ವಿಷ್ಣುವರ್ಧನ್ ಇಲ್ಲದೆ, ಕನ್ನಡವಿಲ್ಲದೆ ಅದು ಬೇರೆಯೇ ವಸ್ತುವಾಯಿತು. ಪುಟ್ಟಣ್ಣನಂಥವರ ಕೈಗೇ ಎರಡನೇ ಸಲ ಸಿಗಲಿಲ್ಲ ಅಂದಮೇಲೆ ಇದು ಎಷ್ಟು ಕಷ್ಟದ ಕೆಲಸ ನೋಡಿ.

ಪ್ರಶ್ನೆ: ಇವು ತೆಲುಗು, ತಮಿಳಿನಲ್ಲಿ ಬರುತ್ತವೆ, ಕನ್ನಡದಲ್ಲಿ ಯಾಕೆ ಬರಲ್ಲ?
- ಓದುಗರು, ಹರಿಹರ

ಉತ್ತರ: ನನಗೂ ಇದೇ ಕೊರಗು. 2019ರ 'ಲಯನ್ ಕಿಂಗ್' ಇಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಹಿಂದಿಗೆ ಶಾರುಖ್ ಖಾನ್, ತೆಲುಗಿಗೆ ನಾನಿ ದನಿ ಕೊಟ್ಟರು. ಕನ್ನಡದ ಮಗು ಬೇರೆ ಭಾಷೆಯಲ್ಲೇ ನೋಡಬೇಕಾಯಿತು. ನಮ್ಮಲ್ಲಿ ಡಬ್ಬಿಂಗ್‌ಗೆ ಬಹಳ ಕಾಲ ವಿರೋಧ ಇತ್ತು. ಡಬ್ಬಿಂಗ್ ತಡೆದದ್ದಕ್ಕೆ 2015ರಲ್ಲಿ ಭಾರತದ ಸ್ಪರ್ಧಾ ಆಯೋಗ (ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಬರದ ಹಾಗೆ ನೋಡಿಕೊಳ್ಳುವ ಸಂಸ್ಥೆ) ಇಲ್ಲಿನ ಚಿತ್ರರಂಗದ ಸಂಘಗಳಿಗೆ ದಂಡವನ್ನೂ ಹಾಕಿತು. ಈಗ ದಾರಿ ತೆರೆದಿದೆ, 'ಅವತಾರ್' ಎರಡನೇ ಭಾಗ 2022ರಲ್ಲಿ ಕನ್ನಡದಲ್ಲೇ ಬಂತು. ಚಿಂಟು ಟಿವಿಯಲ್ಲಿ ಕನ್ನಡ ಮಾತಾಡುವ ಡೋರಾಳನ್ನು ನಮ್ಮ ಮಕ್ಕಳು ಹೇಗೆ ನೋಡುತ್ತಿದ್ದರು ಅನ್ನುವುದು ಮನೆಮನೆಗೂ ಗೊತ್ತು. ಮಾತು ತಮ್ಮದಾದರೆ ಮಕ್ಕಳು ಪಾತ್ರವನ್ನೂ ತಮ್ಮದು ಮಾಡಿಕೊಳ್ಳುತ್ತಾರೆ.

ಇದು ಲಾಭದ ವಿಷಯವೂ ಹೌದು. 2016ರ 'ಜಂಗಲ್ ಬುಕ್' ಅಮೆರಿಕಕ್ಕಿಂತ ಒಂದು ವಾರ ಮೊದಲೇ ಭಾರತದಲ್ಲಿ ಬಂತು. ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ ಮೋಗ್ಲಿ ಧಾರಾವಾಹಿಯ ಹಾಡನ್ನು ಹಿಂದಿ ಪ್ರಚಾರಕ್ಕೆ ಮತ್ತೆ ಮಾಡಿಸಿದರು, ಶೇರ್ ಖಾನ್‌ಗೆ ನಾನಾ ಪಾಟೇಕರ್ ಅವರ ದನಿಯನ್ನೇ ತಂದರು. ಜನರ ನೆನಪು ಯಾವ ದನಿಯಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಕನ್ನಡದಲ್ಲಿ ಇಂದು ಆ ನೆನಪು ಬಿತ್ತದಿದ್ದರೆ ಇಪ್ಪತ್ತು ವರ್ಷದ ನಂತರ ಯಾವ ರೀಮೇಕಿಗೆ ಇಲ್ಲಿನವರು ಮನೆಮಂದಿಯೆಲ್ಲ ಹೋಗುತ್ತಾರೆ?

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥದ್ದು ಯಾರೂ ಮಾಡಿಲ್ಲವಾ?
- ಅಂಗಡಿ ಮಾಲೀಕರು, ಹೊನ್ನಾಳಿ

ಉತ್ತರ: ಮಾಡಿದ್ದಾರೆ ಸಾರ್. 'ಛೋಟಾ ಭೀಮ್ ಅಂಡ್ ದಿ ಕರ್ಸ್ ಆಫ್ ದಮ್ಯಾನ್' 2012ರ ಕಾರ್ಟೂನ್ ಸಿನಿಮಾ. 2024ರಲ್ಲಿ ಅದನ್ನೇ ಹುಡುಗರನ್ನಿಟ್ಟು ತೆಗೆದರು, ಅನುಪಮ್ ಖೇರ್ ಕೂಡ ಇದ್ದರು. ಓಡಲಿಲ್ಲ. ಲಡ್ಡು ತಿಂದ ಕೂಡಲೇ ಕಾರ್ಟೂನ್ ಭೀಮ ಬೆಟ್ಟ ಎತ್ತಿದರೆ ಮಗು ಚಪ್ಪಾಳೆ ತಟ್ಟುತ್ತದೆ. ನಿಜವಾದ ಹುಡುಗ ಎತ್ತಿದರೆ ಗ್ರಾಫಿಕ್ಸ್ ಚೆನ್ನಾಗಿದೆಯಾ ಅಂತ ನೋಡಲು ಶುರು ಮಾಡುತ್ತದೆ.

ನನಗೆ ಖುಷಿ ಕೊಟ್ಟದ್ದು ಉಲ್ಟಾ ದಿಕ್ಕಿನ ಪ್ರಯಾಣ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು ಆಗಿ ರಾಜ್‌ಕುಮಾರ್, ಪ್ರಹ್ಲಾದನಾಗಿ ಪುಟ್ಟ ಪುನೀತ್. ಅದನ್ನು ಮೀರಿಸುವ ನಟನೆ ಇನ್ನು ಬರಲಿಕ್ಕಿಲ್ಲ. ಅದೇ ಪುರಾಣದ ಕಥೆ 2025ರಲ್ಲಿ 'ಮಹಾವತಾರ್ ನರಸಿಂಹ' ಅನ್ನುವ ಅನಿಮೇಷನ್ ಆಗಿ ಬಂತು, ನಮ್ಮ ಹೊಂಬಾಳೆ ಫಿಲ್ಮ್ಸ್ ಅದನ್ನು ಅರ್ಪಿಸಿತು, ಕನ್ನಡದಲ್ಲೂ ಬಿಡುಗಡೆಯಾಯಿತು. 300 ಕೋಟಿ ರೂಪಾಯಿಗೂ ಜಾಸ್ತಿ ಗಳಿಸಿತು. ಕಂಬ ಒಡೆದು ಬರುವ ಅರ್ಧ ಸಿಂಹ, ಅರ್ಧ ಮನುಷ್ಯನ ರೂಪಕ್ಕೆ ಅನಿಮೇಷನ್ ಹೇಳಿ ಮಾಡಿಸಿದ ಹಾಗಿದೆ.

ಪ್ರಶ್ನೆ: ಮಕ್ಕಳಿಗೆ ಯಾವುದನ್ನು ಮೊದಲು ತೋರಿಸಲಿ, ಕಾರ್ಟೂನೋ ರೀಮೇಕೋ?
- ಅಜ್ಜಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಕಾರ್ಟೂನ್ ಅಮ್ಮಾ, ಕಣ್ಣು ಮುಚ್ಚಿಕೊಂಡು ಕಾರ್ಟೂನ್. ಚಿಕ್ಕ ಮಕ್ಕಳಾದರೆ 'ಡಂಬೋ'ದಿಂದ ಶುರು ಮಾಡಿ, ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಅಮ್ಮನನ್ನು ಬಿಟ್ಟಿರುವ ಮರಿಯಾನೆಯ ದೃಶ್ಯದಲ್ಲಿ ಮೊಮ್ಮಕ್ಕಳು ಅಳಬಹುದು, ಪಕ್ಕದಲ್ಲೇ ಕೂತಿರಿ. ರೀಮೇಕ್‌ಗಳಲ್ಲಿ 'ಜಂಗಲ್ ಬುಕ್' ತೋರಿಸಿ, ಆದರೆ ಏಳೆಂಟು ವರ್ಷ ದಾಟಿದವರಿಗೆ ಮಾತ್ರ. ಆ ಹುಲಿ ನಿಜಕ್ಕೂ ಹೆದರಿಸುತ್ತದೆ.