ಕರು ಹಾಕಿದ ಹಸುವಿನ ರಕ್ತದಲ್ಲಿ ಎಎಸ್‌ಟಿ ಹೆಚ್ಚು ಬಂದರೆ ಲಿವರ್ ಹೋಗಿದೆ ಎಂದು ಅರ್ಥವೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಾಗರದ ಹತ್ತಿರ ಮನೆ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಮೂರನೇ ಕರು ಹಾಕಿ 18 ದಿನ. ಒಣಹುಲ್ಲು ತಿನ್ನುತ್ತದೆ, ಹಿಂಡಿ ಮುಟ್ಟುತ್ತಿಲ್ಲ. ಹಾಲು 16 ಲೀಟರಿನಿಂದ 9ಕ್ಕೆ ಇಳಿದಿದೆ. ಪೇಟೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಿರಿ: ಎಎಸ್‌ಟಿ 158, ಎಎಲ್‌ಟಿ 24. ಲಿವರ್ ಪರೀಕ್ಷೆ ಎಂದು ರಕ್ತದಲ್ಲಿ ಅಳೆಯುವ ಎರಡು ಎಂಜೈಮುಗಳು ಇವು. ಎಎಸ್‌ಟಿ ಎದುರು ಕೆಂಪಕ್ಷರ ಬಂದಿದೆ. ‘ಲಿವರ್ ಹೋಗಿದೆ, ಇರುವಾಗಲೇ ಮಾರಿಬಿಡೋಣ’ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ದಯವಿಟ್ಟು ಈಗಲೇ ಮಾರಬೇಡಿ.

ನಾನು ಪಶುವೈದ್ಯರಲ್ಲ. ಜಾನುವಾರುಗಳ ರಕ್ತ, ಗಂಜಲ, ಸಗಣಿ ನೋಡುವ ಲ್ಯಾಬಿನಲ್ಲಿ 11 ವರ್ಷ ಟೆಕ್ನಿಷಿಯನ್ ಆಗಿದ್ದೆ. ಈಗ ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ನಾಲ್ಕು ಹಸುಗಳಿವೆ. ಟ್ಯೂಬಿನಲ್ಲಿ ಕಂಡದ್ದು, ಕೊಟ್ಟಿಗೆಯಲ್ಲಿ ಕಂಡದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಆ ಕೆಂಪಕ್ಷರ. ಪೇಟೆಯ ಲ್ಯಾಬಿನ ಕಂಪ್ಯೂಟರಿನಲ್ಲಿ ಇರುವುದು ಮನುಷ್ಯರ ಮಿತಿ. ನಮಗೆ ಎಎಸ್‌ಟಿ ಹೆಚ್ಚೆಂದರೆ 40ರ ಆಸುಪಾಸು. ಹಸುವಿಗೆ 80ರಿಂದ 130ರವರೆಗೂ ಸಹಜ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಆಚೀಚೆ. ಗಟ್ಟಿಮುಟ್ಟಾದ ಹಸುವಿನ ರಕ್ತ ಕೊಟ್ಟಿದ್ದರೂ ನಿಮಗೆ ಕೆಂಪಕ್ಷರವೇ ಸಿಗುತ್ತಿತ್ತು. ಹಾಗೆಯೇ ಎಎಲ್‌ಟಿ ಸರಿ ಇದೆ ಎಂಬ ಸಮಾಧಾನವನ್ನೂ ಇಟ್ಟುಕೊಳ್ಳಬೇಡಿ. ದನದ ಲಿವರಿನಲ್ಲಿ ಆ ಎಂಜೈಮ್ ಇರುವುದೇ ತೀರಾ ಕಡಿಮೆ, ಲಿವರ್ ಚೆನ್ನಾಗಿ ಹದಗೆಟ್ಟರೂ ಅದು ಏರದೆ ಇರಬಹುದು. ಮನುಷ್ಯರಿಗೆ, ನಾಯಿಗೆ ಉಪಯೋಗಕ್ಕೆ ಬರುವ ಪರೀಕ್ಷೆ ಅದು.

158 ಎಂದರೆ ಹಸುವಿನ ಲೆಕ್ಕದಲ್ಲೂ ತುಸು ಹೆಚ್ಚು. ಆದರೆ ಎಎಸ್‌ಟಿ ಲಿವರಿನಲ್ಲಿ ಇರುವಂತೆ ಮಾಂಸಖಂಡದಲ್ಲೂ ಇರುತ್ತದೆ. ಕರು ಹಾಕುವಾಗ ಬಹಳ ತಿಣುಕಿದ್ದರೆ, ಏಳಲಾಗದೆ ಒಂದು ದಿನ ಮಲಗಿದ್ದರೆ, ತೊಡೆಗೆ ಮೂರ್ನಾಲ್ಕು ಇಂಜೆಕ್ಷನ್ ಬಿದ್ದಿದ್ದರೆ ಏರುತ್ತದೆ. ರಕ್ತದ ಟ್ಯೂಬನ್ನು ಬೈಕಿನಲ್ಲಿ ಕುಲುಕಿಸಿಕೊಂಡು ಒಯ್ದು ರಕ್ತಕಣ ಒಡೆದರೂ ಏರುತ್ತದೆ. ಇದನ್ನು ಲ್ಯಾಬಿನಲ್ಲಿ ಎಷ್ಟು ಸಲ ನೋಡಿದ್ದೇನೋ. ಜೊತೆಗೆ ಮಾಂಸಖಂಡದ ಎಂಜೈಮ್ ಆದ ಸಿಕೆ ಮಾಡಿಸಿ, ಅದೂ ಹೆಚ್ಚಿದ್ದರೆ ಎಎಸ್‌ಟಿ ಬಂದದ್ದು ಮಾಂಸಖಂಡದಿಂದ ಇರಬಹುದು. ಲಿವರಿನದ್ದೇ ಹೌದೋ ಎಂದು ತಿಳಿಯಲು ಜಿಎಲ್‌ಡಿಎಚ್, ಪಿತ್ತನಾಳದ ತೊಂದರೆಗೆ ಜಿಜಿಟಿ ಎಂಬ ಎಂಜೈಮುಗಳನ್ನು ನೋಡಿಸಬೇಕು.

ಈ ಎಂಜೈಮುಗಳೆಲ್ಲ ಜೀವಕೋಶದ ಒಳಗೆ ಇರಬೇಕಾದವು. ರಕ್ತದಲ್ಲಿ ನಾವು ಅಳೆಯುವುದು ಹೊರಗೆ ಸೋರಿದ್ದನ್ನು. ಕಣಜದ ಬುಡದಲ್ಲಿ ಭತ್ತ ಚೆಲ್ಲಿದ್ದು ಕಂಡರೆ ಎಲ್ಲೋ ತೂತಾಗಿದೆ ಎಂದು ಗೊತ್ತಾಗುತ್ತದೆ, ಒಳಗೆ ಇನ್ನೂ ಎಷ್ಟು ಭತ್ತ ಉಳಿದಿದೆ ಎಂದು ಗೊತ್ತಾಗುವುದಿಲ್ಲ. ನಿಮ್ಮ ಹಸುವಿನ ಲಿವರಿನ ಒಳಗೆ ಈಗ ಏನು ನಡೆಯುತ್ತಿದೆ ಎನ್ನುವುದೇ ದೊಡ್ಡ ವಿಷಯ. ಅದು ಶುರುವಾದದ್ದು ಕರು ಹಾಕುವುದಕ್ಕಿಂತ ಎರಡು ತಿಂಗಳು ಮೊದಲು.

ನಾವು ಅನ್ನ ತಿಂದರೆ ಕರುಳಿನಿಂದ ನೇರ ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಹಸುವಿಗೆ ಆ ಭಾಗ್ಯವಿಲ್ಲ. ಅದು ತಿಂದ ಹುಲ್ಲು, ಹಿಂಡಿಯನ್ನೆಲ್ಲ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಹುಳಿಯಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳನ್ನು ಕೊಡುತ್ತವೆ. ಅದರಲ್ಲಿ ಮುಖ್ಯವಾಗಿ ಪ್ರೊಪಿಯೊನೇಟನ್ನು ಹಿಡಿದು ಲಿವರ್ ತಾನೇ ಗ್ಲೂಕೋಸ್ ತಯಾರಿಸಬೇಕು. ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. ನಿಮ್ಮ ಹಸು 16 ಲೀಟರ್ ಕೊಡುತ್ತಿದ್ದಾಗ ಹಾಲಿಗೆಂದೇ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ಗ್ಲೂಕೋಸನ್ನು ಆ ಲಿವರ್ ತಯಾರಿಸುತ್ತಿತ್ತು.

ಇದಕ್ಕೆ ಗಬ್ಬದ ಲೆಕ್ಕ ಸೇರಿಸಿ. ಹುಟ್ಟುವಾಗ ಕರು ಇರುವ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊನೆಯ ಎರಡು ತಿಂಗಳಲ್ಲಿ ಬರುತ್ತದೆ. ಅದೇ ಹೊತ್ತಿಗೆ ತಾಯಿಯ ಮೈ ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಮಾಂಸಖಂಡ, ಕೊಬ್ಬು ಗ್ಲೂಕೋಸ್ ಎಳೆದುಕೊಳ್ಳದೆ ಬಿಟ್ಟರೆ ಅದು ಗರ್ಭಕ್ಕೆ, ಕೆಚ್ಚಲಿಗೆ ಉಳಿಯುತ್ತದೆ. ಮಕ್ಕಳಿಗೆ ಬಡಿಸಿ ತಾನು ಅರೆಹೊಟ್ಟೆ ಉಣ್ಣುವ ತಾಯಿಯ ಹಾಗೆ ಅದು. ಆದರೆ ಕೊನೆಯ ಮೂರು ವಾರದಲ್ಲಿ ಹಸು ತಿನ್ನುವುದೇ ಕಡಿಮೆಯಾಗುತ್ತದೆ. ಕರು ಹಾಕಿದ ಮೇಲೆ ಹಾಲು ಏರುವಷ್ಟು ಬೇಗ ಹೊಟ್ಟೆ ಏರುವುದಿಲ್ಲ. ಈ ಕೊರತೆ ತುಂಬಲು ಮೈಯ ಕೊಬ್ಬು ಕರಗಿ ರಕ್ತಕ್ಕೆ, ಅಲ್ಲಿಂದ ಲಿವರಿಗೆ ಬರುತ್ತದೆ.

ಲಿವರ್ ಅದಕ್ಕೆ ಸಿದ್ಧವಾಗಿಯೇ ಇರುತ್ತದೆ. ಕರು ಹಾಕುವ ಹೊತ್ತಿಗೆ ಗ್ಲೂಕೋಸ್ ತಯಾರಿಸುವ ಎಂಜೈಮುಗಳು, ವಿಶೇಷವಾಗಿ ಪೈರುವೇಟ್ ಕಾರ್ಬಾಕ್ಸಿಲೇಸ್, ಹೆಚ್ಚುತ್ತವೆ. ಕೊಬ್ಬು ಉರಿಸುವ ದಾರಿಯೂ ತೆರೆಯುತ್ತದೆ. ಮಿತಿಯಲ್ಲಿ ಬಂದ ಕೊಬ್ಬು ಪೂರ್ತಿ ಉರಿದು ಶಕ್ತಿಯಾಗುತ್ತದೆ. ಮಿತಿ ಮೀರಿದರೆ ಅರ್ಧ ಉರಿದು ಕೀಟೋನ್ ಆಗಿ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಲಿವರಿನಲ್ಲೇ ಕೊಬ್ಬಾಗಿ ಕೂರುತ್ತದೆ. ಕೂತ ಕೊಬ್ಬನ್ನು ಹೊರಗೆ ಕಳುಹಿಸುವುದರಲ್ಲಿ ದನದ ಲಿವರ್ ಬಹಳ ನಿಧಾನ. ಆಗಲೇ ಜೀವಕೋಶ ಊದಿ ಎಎಸ್‌ಟಿ ಸೋರಲು ಶುರು.

ಹಿಂಡಿ ಬಿಟ್ಟು ಒಣಹುಲ್ಲು ತಿನ್ನುತ್ತದೆ ಎಂದಿರಲ್ಲ, ನನಗೆ ನಿಮ್ಮ 158ಕ್ಕಿಂತ ಆ ಒಂದು ಸಾಲು ಹೆಚ್ಚು ಹೇಳಿತು. ಹೀಗೆ ರಕ್ತದಲ್ಲಿ ಕೀಟೋನ್ ಹೆಚ್ಚಾಗುವ ಕಾಯಿಲೆಗೆ ಕೀಟೋಸಿಸ್ ಎನ್ನುತ್ತಾರೆ, ಅದು ಬಂದ ಹಸು ಮೊದಲು ಬಿಡುವುದೇ ಹಿಂಡಿಯನ್ನು. ಬಾಯಿಯ ಹತ್ತಿರ ಮೂಗು ತಂದು ನೋಡಿ, ಉಗುರುಬಣ್ಣ ಒರೆಸುವ ದ್ರಾವಣದ ವಾಸನೆ ಬರಬಹುದು. ಎಲ್ಲರ ಮೂಗಿಗೂ ಅದು ಸಿಗುವುದಿಲ್ಲ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಸಿಗುವ ಮೂತ್ರದ ಕೀಟೋನ್ ಪಟ್ಟಿ ತನ್ನಿ. ಬೆಳಿಗ್ಗೆ ಗಂಜಲ ಹಿಡಿದು ಅದ್ದಿ, ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸಿ. ನೇರಳೆಯ ಕಡೆಗೆ ತಿರುಗಿದರೆ ಅದೇ ದಿನ ಡಾಕ್ಟರನ್ನು ಕರೆಸಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸೆಯ ವಾಹನ ಸಿಗುತ್ತದೆ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹಸುವಿನ ರಕ್ತವನ್ನು ಹಸುವಿನ ಲೆಕ್ಕದಲ್ಲೇ ಓದುವ ಕಡೆ ತೋರಿಸಿ ಎನ್ನುವುದು ನನ್ನ ಆಗ್ರಹ.

ಡಾಕ್ಟರು ಸಾಮಾನ್ಯವಾಗಿ ನರಕ್ಕೆ ಡೆಕ್ಸ್ಟ್ರೋಸ್ ಕೊಡುತ್ತಾರೆ. ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್ ದಿನಕ್ಕೆ 300 ಮಿಲಿಯಂತೆ ಮೂರರಿಂದ ಐದು ದಿನ ಹೇಳಬಹುದು. ಗೊಟ್ಟದಲ್ಲಿ ಕುಡಿಸುವಾಗ ತಲೆಯನ್ನು ತೀರಾ ಎತ್ತಬೇಡಿ, ಶ್ವಾಸಕೋಶಕ್ಕೆ ಹೋದರೆ ಹಸು ಉಳಿಯುವುದು ಕಷ್ಟ. ನಮ್ಮ ಕಡೆ ಹಿರಿಯರು ಬೆಲ್ಲ ಕೊಡಿ ಎನ್ನುತ್ತಾರೆ. ಕಲಗಚ್ಚಿಗೆ ಒಂದು ಉಂಡೆ ಹಾಕಿದರೆ ರುಚಿಗೆ ನಾಲ್ಕು ಗುಟುಕು ಹೆಚ್ಚು ಕುಡಿಯುತ್ತದೆ, ಅಷ್ಟಕ್ಕೆ ಒಳ್ಳೆಯದೇ. ಆದರೆ ಆ ಸಿಹಿ ಹಸುವಿನ ರಕ್ತಕ್ಕೆ ಸಿಹಿಯಾಗಿ ತಲುಪುವುದಿಲ್ಲ, ಹೊಟ್ಟೆಯ ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಕಿಲೋಗಟ್ಟಲೆ ಕೊಟ್ಟರೆ ಹೊಟ್ಟೆ ಹುಳಿಯಾಗಿ ಇರುವ ಹಸಿವೂ ಹೋಗುತ್ತದೆ. ಲಿವರ್ ಟಾನಿಕ್ ಬಾಟಲಿಗಳನ್ನೂ ನಾನು ಮುಂದಿಡುವುದಿಲ್ಲ. ಮೊದಲು ಬೇಕಾದದ್ದು ಗ್ಲೂಕೋಸ್ ಮತ್ತು ಮೇವು.

ನಮ್ಮ ಗೌರಿಯ ಕಥೆ ಹೇಳಬೇಕು. ಆರು ವರ್ಷದ ಹಿಂದೆ ಅದು ಗಬ್ಬ ಕಟ್ಟಿದ್ದು ತಡವಾಯಿತು, ಹಾಲು ಬೇಗ ಬತ್ತಿತು. ಸುಮಾರು ಐದು ತಿಂಗಳು ಹಾಲಿಲ್ಲದೆ, ಒಳ್ಳೆಯ ಹುಲ್ಲು, ಹಿಂಡಿ ತಿಂದು ಬೆನ್ನು ಹಲಗೆಯ ಹಾಗೆ ಆಯಿತು. ಬಂದವರೆಲ್ಲ ಎಷ್ಟು ಚೆನ್ನಾಗಿದೆ ಎಂದರು, ನನಗೂ ಹೆಮ್ಮೆ. ಆಷಾಢದ ಮಳೆಯಲ್ಲಿ ಕರು ಹಾಕಿತು, ಕಸ (ಮಾಸು) ಬೀಳಲಿಲ್ಲ, ಮೂರನೇ ದಿನಕ್ಕೆ ಮೇವು ಬಿಟ್ಟಿತು. ನಾನೇ ರಕ್ತ ತೆಗೆದುಕೊಂಡು ಹೋದೆ. ಎಎಸ್‌ಟಿ 150 ಕೂಡ ದಾಟಿರಲಿಲ್ಲ, ಪರವಾಗಿಲ್ಲ ಎಂದುಕೊಂಡು ಎರಡು ದಿನ ಕಾದೆ. ಆ ಎರಡು ದಿನ ಕಾಯಬಾರದಿತ್ತು. ಹದಿನಾರನೇ ದಿನ ಗೌರಿ ಹೋಯಿತು. ಮರಣೋತ್ತರ ಪರೀಕ್ಷೆಯಲ್ಲಿ ಲಿವರ್ ಹಳದಿಯಾಗಿ, ಕೈಗೆ ಬೆಣ್ಣೆಯ ಹಾಗೆ ಹತ್ತುತ್ತಿತ್ತು. ಡಾಕ್ಟರು ಒಂದು ತುಂಡನ್ನು ಬಕೆಟಿನ ನೀರಿಗೆ ಹಾಕಿದರು. ತೇಲಿತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಗಬ್ಬದ ಹಸುವಿನ ಬೆನ್ನನ್ನು ವಾರಕ್ಕೊಮ್ಮೆ ಕೈಯಾಡಿಸಿ ನೋಡುತ್ತೇವೆ. ಒತ್ತಿದರೆ ಪಕ್ಕೆಲುಬು ಕೈಗೆ ಸಿಗಬೇಕು, ದೂರದಿಂದ ಎಣಿಸುವ ಹಾಗಿರಬಾರದು. ಹಾಲಿಲ್ಲ ಎಂದು ಹಿಂಡಿ ಪೂರ್ತಿ ನಿಲ್ಲಿಸುವ ಮನೆಗಳೂ ಇವೆ, ಅದೂ ತಪ್ಪು. ಕೊನೆಯ ಮೂರು ವಾರ ಸ್ವಲ್ಪಸ್ವಲ್ಪವಾಗಿ ಹಿಂಡಿ ಏರಿಸಿದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಅದಕ್ಕೆ ಒಗ್ಗಿಕೊಂಡಿರುತ್ತವೆ.

ಮಳೆಗಾಲದಲ್ಲಿ ಕರು ಹಾಕುವ ಹಸುಗಳಿಗೆ ನಮ್ಮಲ್ಲಿ ಇನ್ನೊಂದು ತೊಡಕು. ಎಳೆ ಹಸಿಹುಲ್ಲಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ನೀರು. 20 ಕಿಲೋ ಕೊಯ್ದು ಹಾಕಿದರೂ ಒಣ ಲೆಕ್ಕದಲ್ಲಿ ಸಿಕ್ಕಿದ್ದು ನಾಲ್ಕು ಕಿಲೋಗಿಂತ ಕಡಿಮೆ. ಹೊಟ್ಟೆ ಉಬ್ಬಿ ಕಾಣುತ್ತದೆ, ಹಸು ಉಪವಾಸ ಇರುತ್ತದೆ. ಮಲೆನಾಡು ಗಿಡ್ಡ ಎಂಬ ನಮ್ಮ ನಾಟಿ ತಳಿಗೆ ಈ ಕಾಯಿಲೆ ಬಂದದ್ದನ್ನು ನಾನು ನೋಡಿಲ್ಲ. ಕರುವಿಗೆ ಸಾಕಾಗಿ ಮನೆಗೆ ಒಂದೆರಡು ಲೀಟರ್ ಕೊಡುವ ಹಸುವಿನ ಲಿವರಿಗೆ ಅಷ್ಟು ಭಾರವೇ ಬೀಳುವುದಿಲ್ಲ.

ಲಿವರಿಗೆ ಬೇರೆ ಕಾರಣಗಳೂ ಇಲ್ಲಿವೆ, ಡಾಕ್ಟರಿಗೆ ನೆನಪಿಸಿ. ಗದ್ದೆಬಯಲಿನಲ್ಲಿ ಮೇಯ್ದ ಹಸುವಿಗೆ ಬಸವನಹುಳುವಿನ ಮೂಲಕ ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳು ಬರುತ್ತದೆ. ಗದ್ದದ ಕೆಳಗೆ ನೀರು ತುಂಬಿದ ಬಾವು ಕಂಡರೆ ಸಗಣಿ ಪರೀಕ್ಷೆ ಮಾಡಿಸಿ. ಲಂಟಾನ ಗಿಡ ತಿಂದಿದ್ದರೆ ಕಣ್ಣು ಹಳದಿಯಾಗಿ, ಬಿಸಿಲಿಗೆ ಬಿಳಿ ಚರ್ಮ ಸುಲಿಯುತ್ತದೆ. ಇವೆರಡರಲ್ಲೂ ಜಿಜಿಟಿ ಏರುತ್ತದೆ.

ಕೊನೆಯಲ್ಲಿ ನಿಮ್ಮ ಮನೆಯವರು ಕೇಳಿದ ಪ್ರಶ್ನೆ, ಮತ್ತೆ ಗಬ್ಬ ಕಟ್ಟುತ್ತದೆಯೇ ಎಂದು. ಕಟ್ಟುತ್ತದೆ, ತಡವಾಗಬಹುದು. ಹೊಟ್ಟೆಗೆ ಸಾಲದೆ ಇನ್ಸುಲಿನ್ ಇಳಿದಾಗ ಲಿವರ್ ಐಜಿಎಫ್-1 ಎಂಬ ಹಾರ್ಮೋನನ್ನು ಕಡಿಮೆ ಮಾಡುತ್ತದೆ, ಅದಿಲ್ಲದೆ ಅಂಡಾಶಯ ಬೇಗ ಎಚ್ಚರಾಗುವುದಿಲ್ಲ. ಹಸು ಮೇವು ಹಿಡಿದು ಮೈ ಕರಗುವುದು ನಿಂತ ಮೇಲೆ ಬೆದೆಗೆ ಬರುತ್ತದೆ. ಅಲ್ಲಿಯವರೆಗೆ ಬೆದೆಗೆ ಬರಿಸುವ ಇಂಜೆಕ್ಷನ್‌ಗೆ ಅವಸರ ಮಾಡಬೇಡಿ.

ನಾಳೆ ಬೆಳಿಗ್ಗೆ ಗಂಜಲದ ಪಟ್ಟಿ ಯಾವ ಬಣ್ಣಕ್ಕೆ ತಿರುಗಿತು, ಹಸುವಿನ ಬೆನ್ನು ಹೇಗಿದೆ, ಕರು ಹಾಕುವ ಮುಂಚೆ ಎಷ್ಟು ತಿಂಗಳು ಹಾಲು ಬತ್ತಿತ್ತು, ಈ ಮೂರನ್ನು ಇಲ್ಲೇ ಬರೆಯಿರಿ. ಹಾಲು ಕರೆದಾದ ಮೇಲೆ ನೋಡುತ್ತೇನೆ.