2021ರ ಸಿಲ್ವರ್‌ಸ್ಟೋನ್ ಅಪಘಾತದಲ್ಲಿ ತಪ್ಪು ಹ್ಯಾಮಿಲ್ಟನ್‌ದೋ, ವರ್ಸ್ಟಾಪೆನ್‌ದೋ?

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನಡೆದ ಫಾರ್ಮುಲಾ 1 ಕಾರ್ ರೇಸಿನಲ್ಲಿ ಹ್ಯಾಮಿಲ್ಟನ್, ವರ್ಸ್ಟಾಪೆನ್ ಎಂಬ ಇಬ್ಬರು ಚಾಲಕರ ಕಾರುಗಳು ತಾಗಿದ ಘಟನೆ ಇದು. ನನ್ನ ಪ್ರಕಾರ ತಪ್ಪು ಹ್ಯಾಮಿಲ್ಟನ್‌ದೇ ಜಾಸ್ತಿ. ಆದರೆ ಪೂರ್ತಿ ಅಲ್ಲ.

ಮೊದಲ ಸುತ್ತಿನಲ್ಲೇ ಇಬ್ಬರೂ ಕಾಪ್ಸ್ ಎಂಬ ಬಲ ತಿರುವಿಗೆ ಭಾರೀ ವೇಗದಲ್ಲಿ ನುಗ್ಗಿದರು. ಒಳಗಡೆ ಹ್ಯಾಮಿಲ್ಟನ್, ಹೊರಗಡೆ ವರ್ಸ್ಟಾಪೆನ್. ಹ್ಯಾಮಿಲ್ಟನ್ ಕಾರಿನ ಮುಂದಿನ ಎಡ ಚಕ್ರ ವರ್ಸ್ಟಾಪೆನ್‌ನ ಹಿಂದಿನ ಬಲ ಚಕ್ರಕ್ಕೆ ತಾಗಿತು. ವರ್ಸ್ಟಾಪೆನ್ ಕಾರು ನೇರ ಹೋಗಿ ತಡೆಗೋಡೆಗೆ ಗುದ್ದಿತು. ಗುದ್ದಿದ ರಭಸ 51ಜಿ, ಅಂದರೆ ಭೂಮಿಯ ಗುರುತ್ವದ 51 ಪಟ್ಟು! ತಪಾಸಣೆಗೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು.

ಸ್ಟೀವರ್ಡ್‌ಗಳು, ಅಂದರೆ ರೇಸಿನ ತೀರ್ಪುಗಾರರು, ನೋಡಿದ್ದು ಒಂದು ಮುಖ್ಯ ಸಂಗತಿ. ಹ್ಯಾಮಿಲ್ಟನ್‌ಗೆ ಒಳಗಡೆ ಇನ್ನೂ ಜಾಗ ಇತ್ತು, ಆದರೂ ಅವರ ಕಾರು ತಿರುವಿನ ಒಳ ಅಂಚಿಗೆ ಅಂಟಿಕೊಳ್ಳಲಿಲ್ಲ. ಹಾಗಾಗಿ 'ಹೆಚ್ಚಿನ ಪಾಲು ತಪ್ಪು' ಅವರದ್ದು ಎಂದು 10 ಸೆಕೆಂಡ್ ದಂಡ ಹಾಕಿದರು. 'ಪೂರ್ತಿ' ಅನ್ನಲಿಲ್ಲ ನೋಡಿ. ವರ್ಸ್ಟಾಪೆನ್ ಕೂಡ ಸ್ವಲ್ಪ ಅಗಲವಾಗಿ ತಿರುಗಿಸಿದ್ದರೆ ಬಚಾವಾಗುತ್ತಿದ್ದರೇನೋ. ಅದೇ ರೇಸಿನ ಕೊನೆಯಲ್ಲಿ, ಅದೇ ತಿರುವಿನಲ್ಲಿ, ಹ್ಯಾಮಿಲ್ಟನ್ ಇನ್ನೊಬ್ಬ ಚಾಲಕ ಲೆಕ್ಲೇರ್‌ರನ್ನು ಹಿಂದಿಕ್ಕಿದರು. ಆಗ ಒಳಗಡೆ ಚೆನ್ನಾಗಿ ಒತ್ತಿಕೊಂಡೇ ಹೋದರು. ಕಾರುಗಳು ತಾಗಲೇ ಇಲ್ಲ!

ದಂಡ ತೆತ್ತ ಮೇಲೂ ಅವರೇ ಗೆದ್ದರು. ಅಭಿಮಾನಿಗಳ ಹೊಟ್ಟೆ ಉರಿದದ್ದು ಅದಕ್ಕೇ ಅಲ್ವಾ? ಆದರೆ ದಂಡವನ್ನು ಅಳೆಯುವುದು ತಪ್ಪು ಎಷ್ಟು ದೊಡ್ಡದು ಎಂಬುದರ ಮೇಲೆ, ಎದುರಾಳಿಗೆ ಎಷ್ಟು ನಷ್ಟವಾಯಿತು ಎಂಬುದರ ಮೇಲಲ್ಲ. ವರ್ಸ್ಟಾಪೆನ್ ಅವರ ರೆಡ್ ಬುಲ್ ತಂಡ ಮರುಪರಿಶೀಲನೆ ಕೇಳಿತು. ಹೊಸ ಸಾಕ್ಷ್ಯ ಇಲ್ಲ ಎಂದು ಸ್ಟೀವರ್ಡ್‌ಗಳು ತಳ್ಳಿಹಾಕಿದರು.